ಬ್ಯಾಂಕ್ ಬಂದಿಲ್ಲ ಟೀಚರ್

ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಮೇಷ್ಟರಾಗಲು ಹೊರಟವರ ಪದವಿಪತ್ರವನ್ನು ಆಮೇಲೆ ನೋಡುತ್ತಾರೆ, ತಾಯಿಯನ್ನು ಮೊದಲು ವಿಚಾರಿಸುತ್ತಾರೆ. ‘ನೇಟಿವ್ ಸ್ಪೀಕರ್‌ಗಳು ಮಾತ್ರ’ ಎಂದು ಜಾಹೀರಾತು ಹಾಕಿದ್ದರೆ, ನಿಮ್ಮ ತಾಯಿ ನಿಮ್ಮನ್ನು ಇಂಗ್ಲಿಷಿನಲ್ಲೇ ಬೈದು ಬೆಳೆಸಿರಬೇಕು ಎಂದರ್ಥ. ನಮ್ಮಮ್ಮ ಬೈದದ್ದೆಲ್ಲ ಅಚ್ಚ ತಿಪಟೂರಿನ ಕನ್ನಡದಲ್ಲಿ. ದಕ್ಷಿಣ ಕೊರಿಯದ ಲೆಕ್ಕ ಇನ್ನೂ ಚೊಕ್ಕ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂದು ಏಳು ದೇಶಗಳ ಪಟ್ಟಿಯನ್ನೇ ಮಾಡಿಟ್ಟುಕೊಂಡಿದೆ. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ನಮಗೂ ಅಲ್ಲೊಂದು ಕಿಂಡಿ ತೆರೆಯಿತು. ಅದೂ ಸಹಾಯಕ ಶಿಕ್ಷಕರೆಂಬ ಹೆಸರಿನಲ್ಲಿ.

ಕಾಶ್ಮೀರದ ಬ್ರಜ್ ಕಾಚ್ರು ಎಂಬ ಭಾಷಾಶಾಸ್ತ್ರಜ್ಞರು 1985ರಲ್ಲಿ ಇಂಗ್ಲಿಷ್ ಲೋಕವನ್ನು ಮೂರು ವೃತ್ತ ಮಾಡಿ ತೋರಿಸಿದರು. ಒಳವೃತ್ತದಲ್ಲಿ ಬ್ರಿಟನ್, ಅಮೆರಿಕ. ಹೊರವೃತ್ತದಲ್ಲಿ ಭಾರತ, ನೈಜೀರಿಯ. ಅದರಾಚೆ ಇನ್ನೂ ಕಲಿಯುತ್ತಿರುವ ಚೀನ, ಥಾಯ್ಲೆಂಡುಗಳು. ಮದುವೆಮನೆಯ ಊಟ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮದು ಎರಡನೇ ಪಂಕ್ತಿ. ಹೋಳಿಗೆ ನಮಗೂ ಬೀಳುತ್ತದೆ, ತುಪ್ಪ ಮಾತ್ರ ಅಳೆದು ಸುರಿದು. ಅದೇ ಶಾಲೆ, ಅದೇ ಪೀರಿಯಡ್ಡು, ಅವೇ ಮಕ್ಕಳು. ಸಂಬಳದ ದಿನ ಮಾತ್ರ ಪಾಸ್‌ಪೋರ್ಟಿನ ಬಣ್ಣ ನೆನಪಾಗುತ್ತದೆ. ಫಿಲಿಪೀನ್ಸಿನಿಂದ ಬಂದ ಸಹೋದ್ಯೋಗಿಗಳೂ ನಮ್ಮ ಪಂಕ್ತಿಯವರೇ. ಆದ್ದರಿಂದ ಸ್ನೇಹ ಬೇಗ ಕುದುರುತ್ತದೆ.

ತರಗತಿಯ ಸೊಗಸೇ ಬೇರೆ. ಥಾಯ್ ಮಕ್ಕಳ ದಾಖಲೆಯ ಹೆಸರುಗಳು ಬಹುಪಾಲು ಸಂಸ್ಕೃತದಿಂದ ಬಂದವು. ಪ್ರಸಿತ್ ಎಂದರೆ ನಮ್ಮ ಪ್ರಸಿದ್ಧಿ. ಹಾಜರಿ ಪುಸ್ತಕದಲ್ಲಿ ಒಳಪಂಕ್ತಿಯ ಮೇಷ್ಟರು ಮುಗ್ಗರಿಸುವ ಕಡೆ ನಾವು ಸಹಸ್ರನಾಮ ಓದಿದಂತೆ ಸಾಗಬಹುದು. ಆದರೆ ಆ ಹೆಸರಿನಿಂದ ಮಕ್ಕಳನ್ನು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಒಂದೊಂದು ಕರೆಯುವ ಹೆಸರಿದೆ, ಅದು ಎಷ್ಟೋ ಸಲ ಇಂಗ್ಲಿಷು: ಬ್ಯಾಂಕ್, ಬೆಂಜ್, ಗಾಲ್ಫ್, ಐಸ್, ಬೀರ್. ‘ಬ್ಯಾಂಕ್ ಬಂದಿಲ್ಲ ಟೀಚರ್, ಬೀರ್ ಬಾತ್‌ರೂಮಿಗೆ ಹೋಗಿದ್ದಾನೆ’ ಎಂದು ಹತ್ತು ವರ್ಷದ ಹುಡುಗಿ ಕೈಜೋಡಿಸಿ ನಿಂತು ವರದಿ ಒಪ್ಪಿಸುವಾಗ, ನಗದೆ ಹಾಜರಿ ಮುಗಿಸುವುದಕ್ಕೆ ಬಿ.ಎಡ್.ನಲ್ಲಿ ತರಬೇತಿ ಕೊಟ್ಟಿರುವುದಿಲ್ಲ.

ಇನ್ನು ಉಚ್ಚಾರ. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ‘ಲ್’ ನಿಲ್ಲುವುದಿಲ್ಲ, ‘ನ್’ ಆಗಿಬಿಡುತ್ತದೆ. ಫುಟ್‌ಬಾಲ್ ಅವರಿಗೆ ಫುಟ್‌ಬಾನ್. ನಮ್ಮವರೋ ಬಾಲಿಗೆ ‘ಉ’ ಎಂಬ ಬಾಲ ಅಂಟಿಸದೆ ಬಿಡುವವರಲ್ಲ. ಹೀಗೆ ಬಾನೂ ಬಾಲೂ ಎದುರುಬದುರು ಕೂತು, ಲಂಡನ್ನಿನವರ ಬಾಲ್ ಹೇಗಿರಬೇಕೆಂದು ಚರ್ಚಿಸುತ್ತಿರುತ್ತೇವೆ. ಮಕ್ಕಳಿಗೇನೂ ತಕರಾರಿಲ್ಲ. ತಕರಾರೆಲ್ಲ ಕರಪತ್ರಕ್ಕೆ ಬಿಳಿಯ ಮುಖ ಬೇಕೆನ್ನುವವರದು.

ಅಂಥ ಒಬ್ಬ ಬಿಳಿಯ ಮೇಷ್ಟರು ಸ್ಟಾಫ್‌ರೂಮಿನಲ್ಲಿ ಮೆಲ್ಲಗೆ ಬಳಿ ಬಂದು, ‘ನಿನ್ನೆ’ ಎಂಬ ಪದದ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ಯಾಕೆ ಬರುವುದಿಲ್ಲ ಎಂದು ಕೇಳಿದರು. ಅವರ ಕಿವಿಗೆ ಅದು ತಪ್ಪೆಂದು ಗೊತ್ತು, ಕಾರಣ ಗೊತ್ತಿಲ್ಲ. ನಮಗೋ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಬೆತ್ತದ ತುದಿಯಲ್ಲಿ ಕಲಿಸಿದ್ದಾರೆ. ಕಾರಣ ಬೆನ್ನಿಗೇ ಗೊತ್ತು. ಪರಭಾಷೆಯನ್ನು ಒದ್ದಾಡಿ ಕಲಿತವನಿಗೆ ಮಗು ಎಲ್ಲಿ ಎಡವುತ್ತದೆಂದು ಮೊದಲೇ ತಿಳಿದಿರುತ್ತದೆ. ಹುಟ್ಟಿನಿಂದ ಬಂದ ಭಾಷೆಯೇ ಒಳ್ಳೆಯ ಮೇಷ್ಟರನ್ನು ಮಾಡುತ್ತದೆ ಎಂಬುದು ಭ್ರಮೆಯೆಂದು ರಾಬರ್ಟ್ ಫಿಲಿಪ್ಸನ್ 1992ರಲ್ಲೇ ಬರೆದರು. ಅವರು ಇಂಗ್ಲಿಷಿನವರೇ ಆದ್ದರಿಂದ ಆ ಮಾತಿಗೆ ಸ್ವಲ್ಪ ಬೆಲೆ ಬಂತು.

ಹೊರಡುವ ಹುಡುಗ ಹುಡುಗಿಯರಿಗೆ ಇಷ್ಟು ಹೇಳಿಬಿಡುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಶುರು ಮಾಡಬೇಡಿ. ನಾನ್-ಬಿ ವೀಸಾ, ವರ್ಕ್ ಪರ್ಮಿಟ್ ಎರಡೂ ಬೇಕು. 90 ದಿನಕ್ಕೊಮ್ಮೆ ಇಮಿಗ್ರೇಶನ್ನಿನವರಿಗೆ ವಿಳಾಸ ತಿಳಿಸುವುದನ್ನು ಮರೆಯಬೇಡಿ. ಮಾರ್ಚ್‌ನಿಂದ ಮೇ ನಡುವಿನವರೆಗೆ ದೊಡ್ಡ ರಜೆ ಇರುತ್ತದೆ; ಆಗ ಸಂಬಳ ಉಂಟೋ ಇಲ್ಲವೋ ಎಂದು ಸಹಿ ಹಾಕುವ ಮೊದಲು ಒಪ್ಪಂದ ಓದಿ ನೋಡಿ. ಮನೆ ಬಾಡಿಗೆಗೆ ಬೇಸಿಗೆ ರಜೆ ಇಲ್ಲ.