ಮೊದಲು ಕುಶಲ, ಆಮೇಲೆ ಜ್ವರ

ಮಲಾವಿಗೆ ಬಂದ ಮೇಲೆ ನನ್ನ ಅವಸರಕ್ಕೆ ಕೆಲಸವೇ ಇಲ್ಲದಂತಾಗಿದೆ. ಬಂದಿರುವುದು ಮಕ್ಕಳ ಮಲೇರಿಯಾ ಯೋಜನೆಗೆ. ಮನಸ್ಸಿನೊಳಗೆ ಆಂಬುಲೆನ್ಸಿನ ಸೈರನ್ ಹಾಕಿಕೊಂಡೇ ವಿಮಾನ ಇಳಿದಿದ್ದೆ. ಇಲ್ಲಿ ನೋಡಿದರೆ, ಬೆಳಗ್ಗೆ ಎದುರಾದವರು ಚೆನ್ನಾಗಿ ಎದ್ದಿರಾ ಎಂದು ಕೇಳುತ್ತಾರೆ. ಎದ್ದೆ, ನೀವು ಎದ್ದಿರಾ ಎಂದು ನಾನು ಕೇಳಬೇಕು. ಇಬ್ಬರೂ ಎದ್ದಿರುವುದು ಖಾತ್ರಿಯಾದ ಮೇಲೆ ‘ಜಿಕೊಮೊ’ ಎಂದು ಪರಸ್ಪರ ಉಪಕಾರ ಸ್ಮರಣೆ. ಲಿಲಾಂಗ್ವೆಯ ಕಚೇರಿಯಲ್ಲಿ ಗೇಟಿನಿಂದ ನನ್ನ ಮೇಜು ತಲುಪುವಷ್ಟರಲ್ಲಿ ಚಹಾದ ಹೊತ್ತು.

ಹಳ್ಳಿಗಳಲ್ಲಿ ದುಡಿಯುವವರು ಎಚ್‌ಎಸ್‌ಎಗಳು, ಅಂದರೆ ಸಾವಿರ ಜನಕ್ಕೊಬ್ಬರು ಎಂಬ ಲೆಕ್ಕದ ಆರೋಗ್ಯ ಸಹಾಯಕರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆಯೇ, ಆದರೆ ಗಂಡಸರೂ ಇದ್ದಾರೆ, ಸರ್ಕಾರದ ಸಂಬಳವೂ ಇದೆ. ಸಂಬಳದ ಸಂಗತಿಯನ್ನು ನಮ್ಮೂರ ಆಶಾ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಕೆಲಸ ಖಾಲಿ ಇದೆಯೇನಮ್ಮ ಎಂದರು.

ನಾನು ಹಳ್ಳಿಗೆ ಹೋಗುವುದು ಇಂಥ ಹಿರಿಯ ಸಹಾಯಕರೊಬ್ಬರ ಸಂಗಡ. ಎಲ್ಲರಿಗೂ ಅವರು ‘ಬಾಂಬೋ’, ಅಂದರೆ ಅಪ್ಪ. ಸೈಕಲ್ಲು, ಮರದ ಔಷಧಿ ಪೆಟ್ಟಿಗೆ, ಉಸಿರೆಣಿಸಲು ಟೈಮರ್. ವರ್ಷ ತುಂಬಿದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾದ ಶಂಕೆ. ಮೊನ್ನೆ ನೋಡಿದ ಮಗುವಿಗೆ ಉಸಿರು ಸರಿಯಿತ್ತು, ಮೈ ಸುಡುತ್ತಿತ್ತು. ಬೆರಳು ಚುಚ್ಚಿ ಮಲೇರಿಯಾ ಕಿಟ್ಟಿನ ಮೇಲೆ ಒಂದು ಹನಿ ರಕ್ತ ಬಿಟ್ಟರು. ಇನ್ನು 15 ನಿಮಿಷ ಕಾಯಬೇಕು.

ನಾನು ಗಡಿಯಾರ ನೋಡುತ್ತ ಕೂತೆ. ಬಾಂಬೋ ಮತ್ತು ಮಗುವಿನ ತಾಯಿ ಮೆಕ್ಕೆಜೋಳದ ಮಾತಿಗಿಳಿದರು. ಮಳೆ, ಗೊಬ್ಬರದ ರೇಟು, ಅತ್ತೆಯ ಮಂಡಿನೋವು. ಅತ್ತೆಯ ಹಿಂದೆಯೇ, ಮನೆಯಲ್ಲಿ ದೊಡ್ಡ ಮಗನಿಗೂ ಮೈ ಬಿಸಿ, ಸೊಳ್ಳೆಪರದೆಯೊಳಗೆ ಮಲಗುವುದು ಗಂಡ ಮಾತ್ರ ಎಂಬುದೂ ಹೊರಬಿತ್ತು. ಮನೆಯಲ್ಲಿ ಪರದೆ ಇದೆಯೇ ಎಂಬ ಪ್ರಶ್ನೆಗೆ ನನ್ನ ಫಾರಮ್ಮಿನಲ್ಲಿ ಅದಾಗಲೇ ‘ಇದೆ’ ಎಂದು ಟಿಕ್ ಬಿದ್ದಿತ್ತು. ಗಂಡ ಎಲ್ಲಿ ಮಲಗುತ್ತಾನೆ ಎಂದು ಕೇಳುವ ಫಾರಮ್ಮನ್ನು ಯಾವ ದಾನಿಯೂ ಇನ್ನೂ ಅಚ್ಚು ಹಾಕಿಸಿಲ್ಲ.

ಕಿಟ್ಟಿನಲ್ಲಿ ಎರಡು ಗೆರೆ ಮೂಡಿದವು, ಅಂದರೆ ಮಲೇರಿಯಾ. ಮೂರು ದಿನಕ್ಕೆ ಆರು ಹೊತ್ತಿನ ಮಾತ್ರೆ. ಅದನ್ನೆಲ್ಲ ಬಾಂಬೋ ಬರೆದದ್ದು ತಾಯಿಯೇ ತಂದಿದ್ದ ಪುಟ್ಟ ಪುಸ್ತಕದಲ್ಲಿ. ಹೆಲ್ತ್ ಪಾಸ್‌ಪೋರ್ಟ್ ಎನ್ನುತ್ತಾರೆ. ರೋಗಿಯ ಚರಿತ್ರೆ ಇಲ್ಲಿ ರೋಗಿಯ ಕೈಯಲ್ಲೇ ಇರುತ್ತದೆ. ಫೈಲು ಸಿಗುತ್ತಿಲ್ಲ, ನಾಳೆ ಬನ್ನಿ ಎನ್ನುವ ಸುಖ ಗುಮಾಸ್ತರಿಗಿಲ್ಲ.

ಮಧ್ಯಾಹ್ನ ಆರೋಗ್ಯ ಕೇಂದ್ರದಲ್ಲಿ ಊಟ. ಕೈಮೇಲೆ ಚೊಂಬಿನಿಂದ ನೀರು ಹೊಯ್ದು, ತಟ್ಟೆಗೆ ಎನ್ಸಿಮಾ ಬಡಿಸಿದರು. ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡಿದ ಇದು ರಾಗಿಮುದ್ದೆಯ ಬೆಳ್ಳಗಿನ ತಂಗಿ. ಮಂಡ್ಯದವಳಿಗೆ ಹೇಳಿಕೊಡಬೇಕೆ? ತುತ್ತು ಮುರಿದು, ಸೊಪ್ಪಿನ ಪಲ್ಯಕ್ಕೆ ಒತ್ತಿ, ಗುಳುಂ ಎನಿಸಿದೆ. ಸುತ್ತ ಮಾತು ನಿಂತಿತು. ನರ್ಸಮ್ಮ ನೀರಿಗೆ ಓಡಿದರು. ಬಾಂಬೋ ಮಾತ್ರ ನಿಧಾನವಾಗಿ ಅಗಿಯುತ್ತ, ‘ನಿಮ್ಮ ದೇಶದಲ್ಲಿ ಹಲ್ಲುಗಳನ್ನು ಯಾವುದಕ್ಕೆ ಇಟ್ಟುಕೊಂಡಿರುತ್ತೀರಿ?’ ಎಂದು ವಿಚಾರಿಸಿದರು.