ಗೊಂಬೆಸ್ಮೃತಿ ಮೀಮಾಂಸೆ: ಬಾಗಲಕೋಟೆ ಸೀಮೆಯ ಟಿವಿ ಗೊಂಬೆಗಳ ಭಕ್ತರನ್ನು ಕುರಿತು

ಬಾಲ್ಯದಲ್ಲಿ ಟಿವಿಯಲ್ಲಿ ಕಂಡ ಗೊಂಬೆಗಳನ್ನು ನಡುವಯಸ್ಸಿನಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ನೆನೆಯುವುದು, ನೆನೆದದ್ದನ್ನು ಪಕ್ಕದವನು ಒಪ್ಪದಿದ್ದಾಗ ದನಿ ಏರಿಸುವುದು, ದನಿ ಏರಿದಷ್ಟೂ ನೆನಪು ಖಚಿತವಾಗುತ್ತ ಹೋಗುವುದು, ಇಷ್ಟೂ ಸೇರಿದ ಮನೋವ್ಯಾಪಾರಕ್ಕೆ ಪ್ರಸ್ತುತ ಪ್ರಬಂಧದಲ್ಲಿ ‘ಗೊಂಬೆಸ್ಮೃತಿ’ ಎಂದು ಹೆಸರಿಡಲಾಗಿದೆ. ಇದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ವಿಶೇಷವಾಗಿ ಪುಷ್ಟಿಗೊಂಡಿದ್ದು, ಮಿರ್ಚಿ ಭಜಿಯ ತಟ್ಟೆ ಖಾಲಿಯಾಗುವವರೆಗೆ ಅಬಾಧಿತವಾಗಿ ನಡೆಯುವುದು ಇದರ ಮುಖ್ಯ ಲಕ್ಷಣ.

ಈ ಸ್ಮೃತಿಯ ಇತಿಹಾಸವನ್ನು ತಮ್ಮ ಊರಿನಿಂದಲೇ ಆರಂಭಿಸಬೇಕೆಂಬುದು ಬಾದಾಮಿಯವರ ಹಟ, ಮತ್ತು ಆ ಹಟಕ್ಕೆ ಆಧಾರವಿಲ್ಲದಿಲ್ಲ. ಚಾಲುಕ್ಯರ ಮಂಗಲೇಶನು ಹಾಕಿಸಿದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿಯೂ, ಹದಿನೆಂಟು ಕೈಗಳ ನಟರಾಜನಿರುವ ಮೊದಲನೆಯದರಲ್ಲಿಯೂ ಅಧಿಷ್ಠಾನದ ಪಟ್ಟಿಕೆಯುದ್ದಕ್ಕೂ, ಅಂದರೆ ಗುಹೆಯ ನೆಲಗಟ್ಟಿನ ಅಂಚಿನಲ್ಲಿ, ಕುಳ್ಳ ಗಣಗಳ ಸಾಲೊಂದಿದೆ. ದೊಡ್ಡವರು ತಲೆಯೆತ್ತಿ ದೇವರನ್ನು ನೋಡುತ್ತಿರುವಾಗ, ತಮ್ಮ ಕಣ್ಣಿನ ಎತ್ತರಕ್ಕೇ ಇರುವ ಈ ಡೊಳ್ಳುಹೊಟ್ಟೆಯ ಪಟಾಲಮ್ಮನ್ನು ಮೊದಲು ಕಾಣುವವರು ಮಕ್ಕಳು. ಮೈಗಿಂತ ತಲೆ ದೊಡ್ಡದಿರಬೇಕು, ಹೊಟ್ಟೆ ಮುಂದಿರಬೇಕು, ಮಾಡುವ ಕೆಲಸಕ್ಕೆ ಅರ್ಥವಿರಬಾರದು ಎಂಬ ಗೊಂಬೆಯ ಶಾಸ್ತ್ರೀಯ ಲಕ್ಷಣಗಳೆಲ್ಲ ಇಲ್ಲಿ ಹೊಂದುತ್ತವೆ. ಕಲ್ಲಿನ ಗಣಗಳು ಅಲುಗಾಡುವುದಿಲ್ಲವಲ್ಲ ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಎತ್ತಿಕೊಳ್ಳುವ ಎದುರಾಳಿಯ ವಾದ. ಗಾಳಿಗೆ ಆಂಟೆನಾ ತಿರುಗಿದ ದಿನ ಟಿವಿಯ ಚಿತ್ರವಾದರೂ ಎಲ್ಲಿ ಅಲುಗಾಡುತ್ತಿತ್ತು ಎಂಬುದು ಬಾದಾಮಿಯ ಸಿದ್ಧಾಂತ.

ಆಧುನಿಕ ಯುಗವು 1975ರ ಆಗಸ್ಟ್ 1ರಂದು ತೊಡಗುತ್ತದೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಮುಟ್ಟಿಸಿದ ‘ಸೈಟ್’ ಎಂಬ ಪ್ರಯೋಗಕ್ಕೆ ಅಂದಿನ ಅವಿಭಜಿತ ವಿಜಾಪುರ ಜಿಲ್ಲೆಯೂ ಆಯ್ಕೆಯಾಗಿತ್ತು. ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ, ಮೂರು ಮೀಟರ್ ಅಗಲದ ಕೊಡೆಯೊಂದು ಆಕಾಶಕ್ಕೆ ಮುಖಮಾಡಿ ನಿಂತಿರುತ್ತಿತ್ತು. ಬೆಳಗಿನ ಮಕ್ಕಳ ಕಾರ್ಯಕ್ರಮದಲ್ಲಿ ಕನ್ನಡದ ಪಾಲಿಗೆ ಬಂದದ್ದು 22.5 ನಿಮಿಷ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಆ ತಲೆಮಾರಿನವರಿಗೆ ಕಾರ್ಯಕ್ರಮಕ್ಕಿಂತ ಜಾಲರಿಯೇ ಹೆಚ್ಚು ನೆನಪಿರುವುದರಿಂದ ಅವರನ್ನು ‘ಜಾಲರಿ ಪಂಥ’ದವರೆಂದು ಗುರುತಿಸಿ ಮುಂದೆ ಸಾಗಬಹುದು.

ನಿಜವಾದ ಮತಭೇದವಿರುವುದು 1991ರ ‘ಪೋಟ್ಲಿ ಬಾಬಾ ಕೀ’ ಧಾರಾವಾಹಿಯ ವಿಷಯದಲ್ಲಿ. ಗುಲ್ಜಾರರು ಹಾಡು ಬರೆದುಕೊಟ್ಟ, ಕತೆಗಳ ಗಂಟಿನ ಅಜ್ಜನ ಈ ಗೊಂಬೆಯಾಟವನ್ನು ಸೀಮೆಯ ಬಹುಪಾಲು ಭಕ್ತರು ನೋಡಿದ್ದು ಕಪ್ಪು-ಬಿಳುಪು ಟಿವಿಯಲ್ಲಿ. ಆದರೂ ಗೊಂಬೆಗಳ ಬಣ್ಣದ ಬಗ್ಗೆ ಅವರಲ್ಲಿ ಯಾರಿಗೂ ಸಂಶಯವಿಲ್ಲ. ತಲೆ ನೀಲಿ, ಮುಖ ಕೆಂಪು, ನಡುವಿನಿಂದ ಕೆಳಗೆ ಹಸಿರು ಎಂದು ಸಾಧಿಸುವ ಗುಂಪೊಂದುಂಟು. ಟಿವಿಯ ಗಾಜಿಗೆ ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ ಮನೆಯ ಹೊಸ್ತಿಲಲ್ಲಿ ಇವರು ಕುಳಿತಿದ್ದರೆಂಬುದು ಅನುಮಾನ ಪ್ರಮಾಣದಿಂದ, ಅಂದರೆ ಹೊಗೆ ಕಂಡು ಬೆಂಕಿ ಊಹಿಸುವ ಕ್ರಮದಿಂದ, ಸಿದ್ಧವಾಗುತ್ತದೆ. ಪ್ರತ್ಯಕ್ಷ ಪ್ರಮಾಣಕ್ಕೆ ಆ ಮನೆಯನ್ನೇ ಹುಡುಕೋಣವೆಂದರೆ, ಹಳೆ ಬಾಗಲಕೋಟೆಯ ಭಕ್ತರು ‘ಆ ಮನಿ ಮುಳುಗಡ್ಯಾಗ ಹೋತ್ರೀ’ ಎಂದು ಆಲಮಟ್ಟಿಯ ಹಿನ್ನೀರಿನತ್ತ ಕೈ ತೋರಿಸಿ ನವನಗರದ ಬಸ್ಸು ಹತ್ತುತ್ತಾರೆ. ಜಗತ್ತಿನ ಯಾವ ಸಂಶೋಧನಾ ವಿಧಾನವೂ ಈ ಉತ್ತರವನ್ನು ದಾಟಲಾರದು.

ಭಾಷೆಯ ತೊಡಕು ಇನ್ನೂ ಸ್ವಾರಸ್ಯಕರ. ಧಾರಾವಾಹಿ ಹಿಂದಿಯದು, ನೋಡಿದ ಮಕ್ಕಳಿಗೆ ಹಿಂದಿ ಬಾರದು, ಹೀಗಿದ್ದೂ ಗೊಂಬೆಗಳೆಲ್ಲ ‘ಏನಪಾ’, ‘ಹೌದಲೇ’ ಎಂದು ಮಾತಾಡಿದ್ದು ಅವರಿಗೆ ಸ್ಪಷ್ಟವಾಗಿ ನೆನಪಿದೆ. ನಾಲ್ಕಕ್ಷರ ಹಿಂದಿ ಬಲ್ಲ ಅಣ್ಣನೋ ಕಾಕಾನೋ ಟಿವಿಯ ಪಕ್ಕ ನಿಂತು ತಿಳಿದಷ್ಟನ್ನು ಹೇಳಿ, ತಿಳಿಯದ್ದನ್ನು ಕಟ್ಟಿ ಹೇಳುತ್ತಿದ್ದನು. ಇದಕ್ಕೆ ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯವೆಂದು ಹೆಸರು. ಅಣ್ಣನು ಹೇಳಿದ ಮೇಲೆ ಗುಲ್ಜಾರರ ಮಾತೂ ನಡೆಯದು. ಇಳಕಲ್ ಸೀರೆಯ ಒಡಲಿನ ಹತ್ತಿ ಹಾಸಿಗೂ ಸೆರಗಿನ ಕೆಂಪು ರೇಷ್ಮೆಯ ಹಾಸಿಗೂ ನೇಕಾರರು ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುವಂತೆ, ಕಂಡ ಗೊಂಬೆಗೂ ಕೇಳಿದ ಮಾತಿಗೂ ಇಲ್ಲಿ ಕೊಂಡಿ ಬಿದ್ದಿದೆ. ಸೆರಗೇ ಒಡಲಿಗಿಂತ ಚೆಂದ ಎನ್ನುವುದರಲ್ಲಿ ಇಳಕಲ್ಲಿನವರು ಪಕ್ಷಪಾತಿಗಳೆಂಬುದನ್ನು ಓದುಗರು ಗಮನದಲ್ಲಿಡಬೇಕು.

2006ರಲ್ಲಿ ಬಂದ ‘ಗಲ್ಲಿ ಗಲ್ಲಿ ಸಿಮ್ ಸಿಮ್’, 1969ರಿಂದ ಅಮೆರಿಕದಲ್ಲಿ ನಡೆದುಬಂದ ‘ಸೆಸಮಿ ಸ್ಟ್ರೀಟ್’ನ ಭಾರತೀಯ ಅವತಾರ, ನವ್ಯ ಪಂಥವನ್ನು ಹುಟ್ಟಿಸಿತು. ಶಾಲೆಯ ಸಮವಸ್ತ್ರದ ಚಮ್ಕಿಯನ್ನು ಎಲ್ಲರೂ ಒಪ್ಪಿದರು. ಸೊಪ್ಪು ತರಕಾರಿಯನ್ನೇ ತಿನ್ನುವ ಸಿಂಹ ಬೂಂಬಾನನ್ನು ಕಂಡು, ಕೂಡಲಸಂಗಮವಿರುವ ಹುನಗುಂದ ಸೀಮೆಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಸಿಂಹಕ್ಕೆ ಒಳ್ಳೆಯ ಬುದ್ಧಿ ಬಂದಿತೆಂದಷ್ಟೇ ಹಿರಿಯರು ತಿಳಿದರು. ಸಮಸ್ಯೆ ಎದ್ದದ್ದು ಸೀನಿದೊಡನೆ ಬೇರೆಲ್ಲಿಗೋ ಹೋಗಿ ಬೀಳುವ ಆಂಛೂವಿನಿಂದ. ಹೊರಡುವಾಗ ಸೀನಿದರೆ ಕುಳಿತು ನೀರು ಕುಡಿದು ಹೋಗಬೇಕೆಂಬ ವಿಧಿಯಿರುವ ಮನೆಗಳಲ್ಲಿ ಸೀನನ್ನೇ ವಾಹನ ಮಾಡಿಕೊಂಡ ಈ ಪಾತ್ರವನ್ನು ಅಜ್ಜಿಯರು ಕೊನೆಯವರೆಗೂ ಕ್ಷಮಿಸಲಿಲ್ಲ.

ಈ ಎಲ್ಲ ಪಂಥಗಳ ವಾದ ತಾರಕಕ್ಕೇರಿದಾಗ, ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರು ‘ಕಿಳ್ಳೇಕ್ಯಾತನ್ನ ನೋಡೀರೇನು?’ ಎಂದು ಕೇಳುವುದು, ಕೇಳಿ ತಾವೇ ನಗುವುದು ರೂಢಿ. ಅವನು ಬರುವ ತೊಗಲುಗೊಂಬೆಯಾಟವೆಂದರೆ ಹದಮಾಡಿದ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿಸಿ, ಕತ್ತರಿಸಿ, ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಆಟ. ಮಳೆ ಹೋದ ವರ್ಷ ಊರವರೇ ಕರೆಸಿ ಆಡಿಸುತ್ತಿದ್ದ ಇದರಲ್ಲಿ ಗಣಪತಿಯ ಪೂಜೆಯಾದೊಡನೆ ಕಪ್ಪು ಮೈಯ, ದಪ್ಪ ತುಟಿಯ, ಕೆದರಿದ ಕೂದಲಿನ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಗೆ ಬಂದು, ರಾಮಾಯಣವನ್ನು ಬದಿಗಿಟ್ಟು, ಮುಂದೆ ಕುಳಿತ ಊರ ಪ್ರಮುಖರ ಮಾನ ಹರಾಜು ಹಾಕುತ್ತಿದ್ದರು. ಏನು ಹೇಳಿದನೆಂದು ಕೇಳಿದರೆ ‘ಅದನ್ನ ಹುಡುಗರ ಮುಂದ ಹೇಳಾಕ ಬರೂದಿಲ್ಲ’ ಎಂಬ ಉತ್ತರವೇ ಸಿಗುವುದರಿಂದ ಕಿಳ್ಳೇಕ್ಯಾತನ ಸಾಹಿತ್ಯ ಸಂಪುಟವು ಈವರೆಗೆ ಖಾಲಿ ಉಳಿದಿದೆ. ಆ ದಿನ ಪರದೆಯ ಮುಂದೆ ಮೊದಲ ಸಾಲಿನಲ್ಲಿ ಕುಳಿತಿದ್ದವರು ಹುಡುಗರೇ ಎಂಬುದನ್ನು ಮಾತ್ರ ಹಿರಿಯರು ಮರೆತಿದ್ದಾರೆ.

ಆದ್ದರಿಂದ ಗೊಂಬೆಗಳಲ್ಲಿ ಶ್ರೇಷ್ಠ ಯಾರೆಂಬ ವಿವಾದದಲ್ಲಿ ತೀರ್ಪು ಕಿಳ್ಳೇಕ್ಯಾತನ ಕಡೆಗೇ ಹೋಗಬೇಕು: ಬಾಬಾನಾಗಲಿ ಬೂಂಬಾನಾಗಲಿ ನೋಡುವವನ ಹೆಸರು ಹಿಡಿದು ಕರೆದು, ಅವನ ಸಾಲವೆಷ್ಟೆಂದು ಊರ ಮುಂದೆ ಹೇಳಿದ್ದಿಲ್ಲ. ಸರಕಾರದ ಅಭಿಪ್ರಾಯವೂ ಇದಕ್ಕೆ ಸಮೀಪದ್ದೆಂದು ತೋರುತ್ತದೆ. 2025ರಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96.