ಡಿಕ್ಕಿಯೊಳಗಿನ ಗುಡುಗು

ಕಂಪನಿಯವರು ಕೂರಿಸಿ ಕೊಟ್ಟ ಕಾರ್ ಸ್ಟೀರಿಯೊದಲ್ಲಿ ಡೊಳ್ಳು ಬಾರಿಸಿದರೂ ಗಿಲಕಿ ಆಡಿಸಿದ ಹಾಗೆ ಕೇಳುತ್ತದೆ ಎಂದು ತಿಪಟೂರಿನ ಅಂಗಡಿ ಹುಡುಗನ ಮುಂದೆ ಅಂದದ್ದೇ ತಡ, "ಸಬ್‌ವೂಫರ್ ಹಾಕ್ಸಿ ಅಣ್ಣ, ಎದೆ ನಡುಗ್ಬೇಕು" ಅಂದ. ನಡುಗಿತು, ಬಿಲ್ ನೋಡಿದಾಗ.

ಬಾನೆಟ್ ಎತ್ತಿ ಬ್ಯಾಟರಿಯಿಂದಲೇ ಸಬ್‌ವೂಫರ್‌ನ ಆಂಪ್ಲಿಫಯರ್‌ಗೆ ದಪ್ಪನೆಯ ಕೆಂಪು ವೈರು ಎಳೆದ. ಪಕ್ಕದಲ್ಲೇ ಫ್ಯೂಸು. 12 ವೋಲ್ಟಿನಲ್ಲಿ 300 ವಾಟ್ ಬೇಕೆಂದರೆ 25 ಆಂಪಿಯರ್ ಹರಿಯಬೇಕು, ಸಣ್ಣ ವೈರಾದರೆ ಕಾದು ಕರಗುತ್ತದಂತೆ. ನಮ್ಮ ಸ್ಟೀರಿಯೊದಲ್ಲಿ ಆಂಪ್ಲಿಫಯರ್‌ಗೆ ಸಿಗ್ನಲ್ ಕೊಡುವ ತೂತೇ ಇಲ್ಲ. ಹಿಂದಿನ ಸ್ಪೀಕರ್ ವೈರಿಗೇ ಕವಲು ಹಾಕಿ, ನಡುವೆ ಕನ್ವರ್ಟರ್ ಡಬ್ಬಿ ಕೂರಿಸಿದ. ನಾನು ಎಲ್ಲಕ್ಕೂ ಇಂಜಿನಿಯರ್ ಗತ್ತಿನಲ್ಲಿ ತಲೆಯಾಡಿಸಿದೆ.

ಸಬ್‌ವೂಫರ್ ಪೆಟ್ಟಿಗೆ ಡಿಕ್ಕಿಯನ್ನು ಪೂರಾ ನುಂಗಿತು. ಕಾರಿನ ಯೋಗ್ಯತೆಯನ್ನು ಡಿಕ್ಕಿಗೆ ಎಷ್ಟು ಚೀಲ ಹಿಡಿಯುತ್ತೆ ಅಂತ ಅಳೆಯುವ ಸೀಮೆ ಇದು. "ಇನ್ನು ಕಾಯಿ ಎಲ್ಲಿ ತುಂಬ್ತೀರಿ, ತಲೆ ಮೇಲಾ?" ಅಂದಳು ಮನೆಯವಳು.

ಹಾಡು ಹಚ್ಚಿದೆ. ನಂಬರ್ ಪ್ಲೇಟು, ಡ್ಯಾಶ್‌ಬೋರ್ಡಿನ ಚಿಲ್ಲರೆ, ಅವಳ ಬಳೆ, ಎಲ್ಲವೂ ತಾಳ ಹಾಕಿದವು. ಹಾಡುಗಾರ ಮಾತ್ರ ನಾಪತ್ತೆ. ಅದೇ ಅಬ್ಬರದಲ್ಲಿ ಚಿಕ್ಕನಾಯಕನಹಳ್ಳಿ ಪಕ್ಕದ ಮಾವನ ಮನೆ ಅಂಗಳಕ್ಕೆ ನುಗ್ಗಿದೆ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ. ವರ್ಷದ ಹತ್ತಿರ ಒಣಗಿದ ಮೇಲೆ ತಾನೇ ಚಿಪ್ಪಿನೊಳಗೆ ಗಿಟುಕು ಬಿಟ್ಟುಕೊಂಡು ಗಡಗಡ ಅನ್ನೋದು?

ಮಾವ ಏಣಿ ತಂದು ಅಟ್ಟಕ್ಕೆ ಕಿವಿಗೊಟ್ಟರು. "ಅಳಿಯಂದ್ರೇ, ಇನ್ನೂ ಆರು ತಿಂಗಳೂ ಆಗಿಲ್ಲ, ಆಗ್ಲೇ ಆಡ್ತಾವೆ! ಸುಲಿಯೋರಿಗೆ ಹೇಳ್ಕಳಿಸ್ಲಾ?"